ಪ್ರೊಡಕ್ಷನ್ ಬಿದ್ದಾಗ ಫೋನ್ ಯಾರಿಗೆ ಹೋಗಬೇಕು? ಆನ್-ಕಾಲ್ ವ್ಯವಸ್ಥೆ ಆರಿಸಿಕೊಳ್ಳುವವರಿಗೆ

ಆ್ಯಪ್ ಲೈವ್ ಆಯಿತು, ಕೇಕ್ ಕತ್ತರಿಸಿದ್ದಾಯಿತು, ಲಿಂಕ್ಡ್‌ಇನ್‌ಗೆ ಫೋಟೋ ಹಾಕಿದ್ದೂ ಆಯಿತು. ಗ್ರಾಹಕರು ಬಳಸುವ ಆ ಲೈವ್ ಸಿಸ್ಟಮ್‌ಗೇ ಪ್ರೊಡಕ್ಷನ್ ಅನ್ನುತ್ತಾರೆ, ಅದು ಕೆಟ್ಟಾಗ ಕರೆ ಎತ್ತಲು ಸರದಿಯಲ್ಲಿ ಸಿದ್ಧವಾಗಿರುವುದಕ್ಕೆ ಆನ್-ಕಾಲ್. ಇನ್ನು ರಾತ್ರಿ ಎರಡೂವರೆಗೆ ಸರ್ವರ್ ಬಿದ್ದರೆ ಏಳುವವರು ಯಾರು? ಇದನ್ನು ಕೇಳುವವರು ಮುಖ್ಯವಾಗಿ ಮೂರು ಬಗೆ. ಮೂರ್ನಾಲ್ಕು ಜನ ಸೇರಿ ಸ್ಟಾರ್ಟಪ್ ಮಾಡಿಕೊಂಡವರು, "ಸಪೋರ್ಟ್‌ಗೆ ಹೊರಗಿನವರನ್ನು ಇಡೋಣವಾ?" ಅನ್ನುತ್ತಾರೆ. ಹತ್ತು ಹನ್ನೆರಡು ಜನರ ಟೀಮ್ ನಡೆಸುವವರಿಗೆ, ಡೆವಲಪರ್‌ಗಳನ್ನು ರೊಟೇಷನ್‌ಗೆ ಹಾಕಿದರೆ ಪೇಪರ್ ಹಾಕಿ ಹೋಗಿಬಿಡ್ತಾರೇನೋ ಅನ್ನುವ ಭಯ. ಇನ್ನು ಡೆವಲಪರ್‌ಗಳು: "ಕೋಡ್ ಬರೆಯೋಕೆ ಸೇರಿದ್ದು, ಈಗ ಪೇಜರ್, ಅಂದರೆ ಆನ್-ಕಾಲ್ ಜವಾಬ್ದಾರಿ, ಕೈಗೆ ಕೊಡ್ತಿದ್ದಾರೆ, ಒಪ್ಪಿಕೊಳ್ಳಲಾ ಬೇಡವಾ?"

ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕೋಡ್ ಬರೆದವರು ಅದು ಓಡುವಾಗಲೂ ಜವಾಬ್ದಾರಿಯಲ್ಲಿ ಪಾಲು ತೆಗೆದುಕೊಳ್ಳಬೇಕು. ಪಾಲು ಅಂದೆ, ಇಡೀ ಹೊರೆ ಅನ್ನಲಿಲ್ಲ. ಎಷ್ಟು ಪಾಲು, ಯಾವ ಹೊತ್ತಿನಲ್ಲಿ, ಯಾವ ಷರತ್ತಿನ ಮೇಲೆ ಅನ್ನುವುದು ಟೀಮಿನ ಗಾತ್ರ, ಕೈಯಲ್ಲಿರುವ ದುಡ್ಡು, ಗ್ರಾಹಕರು ಯಾವ ದೇಶದಲ್ಲಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಆಯ್ಕೆಗೆ ಮುಂಚೆ ಅಳತೆಗೋಲು

ಮೊದಲನೆಯದು ದೂರ. ಅಲರ್ಟ್ ಹೊಡೆದುಕೊಂಡ ಕ್ಷಣದಿಂದ ಕೋಡ್ ಬದಲಿಸಬಲ್ಲ ಮನುಷ್ಯನ ಹತ್ತಿರ ಬರುವವರೆಗೆ ಎಷ್ಟು ಕೈ ದಾಟಬೇಕು? ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಇದು ಮುಖ್ಯ, ಅದಕ್ಕೇ ಮೊದಲು ಇಟ್ಟಿದ್ದೇನೆ.

ಎರಡನೆಯದು ನಿದ್ದೆ. ಒಬ್ಬರಿಗೆ ಎಷ್ಟು ವಾರಕ್ಕೊಮ್ಮೆ ಸರದಿ, ಆ ವಾರದಲ್ಲಿ ಎಷ್ಟು ಸಲ ಏಳಬೇಕು. ಮೂರನೆಯದು ಅಧಿಕಾರ. ಎದ್ದವರಿಗೆ ಲಾಗ್ (ಸಿಸ್ಟಮ್ ಬರೆದಿಡುವ ದಾಖಲೆ) ನೋಡಲು, ರೋಲ್‌ಬ್ಯಾಕ್ ಮಾಡಲು (ಹಳೆಯ ಕೋಡ್‌ಗೆ ವಾಪಸ್ ಹೋಗಲು) ಅನುಮತಿ ಇದೆಯಾ, ಇಲ್ಲವಾ? ಅನುಮತಿ ಇಲ್ಲದವರನ್ನು ಎಬ್ಬಿಸುವುದು ಸುಮ್ನೆ ಹಿಂಸೆ. ನಾಲ್ಕನೆಯದು, ಆ ರಾತ್ರಿ ಕಲಿತದ್ದು ಮತ್ತೆ ಕೋಡ್ ಒಳಗೆ ಹೋಗುತ್ತದಾ ಅನ್ನುವುದು. ಕೊನೆಯದು ದುಡ್ಡು.

ದುಡ್ಡಿನ ಲೆಕ್ಕಕ್ಕೆ ಕೂರುವ ಮುಂಚೆ ಇನ್ನೊಂದು ಲೆಕ್ಕ ಮಾಡಿಕೊಳ್ಳಿ. ಗ್ರಾಹಕರಿಗೆ 99.9% ಅಪ್‌ಟೈಮ್ ಅಂತ ಬರೆದುಕೊಟ್ಟಿದ್ದರೆ 30 ದಿನದ ತಿಂಗಳಲ್ಲಿ 43 ನಿಮಿಷ ಬೀಳಬಹುದು. 99.99% ಅಂತ ಬರೆದುಕೊಟ್ಟಿದ್ದರೆ 4 ನಿಮಿಷ ಚಿಲ್ಲರೆ. ನಿದ್ದೆಯಿಂದ ಎದ್ದು, ಲ್ಯಾಪ್‌ಟಾಪ್ ಹುಡುಕಿ, ವಿಪಿಎನ್ ಹಾಕಿ, ಓಟಿಪಿ ಬರುವ ಹೊತ್ತಿಗೇ ಆ ನಾಲ್ಕು ನಿಮಿಷ ಮುಗಿದಿರುತ್ತದೆ. ಅಂಥ ಮಾತು ಕೊಟ್ಟಿದ್ದರೆ ಯಾರು ಏಳಬೇಕು ಅನ್ನುವ ಚರ್ಚೆ ಆಮೇಲೆ, ಮೊದಲು ತಾನಾಗಿ ಚೇತರಿಸಿಕೊಳ್ಳುವ ಸಿಸ್ಟಮ್ ಕಟ್ಟಿ. ಎಷ್ಟೋ ಕಂಪನಿಗಳಲ್ಲಿ ಈ ಸಂಖ್ಯೆಯನ್ನು ಸೇಲ್ಸ್‌ನವರು ಬರೆದುಕೊಟ್ಟಿರುತ್ತಾರೆ, ಎಂಜಿನಿಯರ್‌ಗಳಿಗೆ ಗೊತ್ತಾಗುವುದು ದಂಡ ಕಟ್ಟುವಾಗಲೇ.

ಒಂದು: ಬೇರೆಯೇ ಸಪೋರ್ಟ್ ಟೀಮ್

ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್1, ಅಂದರೆ ಮೊದಲ ಹಂತದ ಸಪೋರ್ಟ್, ಅಲರ್ಟ್ ನೋಡುತ್ತದೆ, ಟಿಕೆಟ್ ತೆರೆಯುತ್ತದೆ, ರನ್‌ಬುಕ್‌ನಲ್ಲಿ (ಯಾವ ಸಮಸ್ಯೆಗೆ ಏನು ಮಾಡಬೇಕು ಅನ್ನುವ ಪಟ್ಟಿಯಲ್ಲಿ) ಬರೆದಿದ್ದನ್ನು ಮಾಡುತ್ತದೆ. ಆಗಲಿಲ್ಲ ಅಂದರೆ ಎಲ್2. ಅಲ್ಲೂ ಆಗಲಿಲ್ಲ ಅಂದರೆ ಎಲ್3, ಅಂದರೆ ಡೆವಲಪರ್‌ಗಳು, ಅದೂ ಸೋಮವಾರ ಬೆಳಿಗ್ಗೆ. ಸರ್ವಿಸಸ್ ಕಂಪನಿಗಳು ಎಷ್ಟೋ ವರ್ಷಗಳಿಂದ ಹೀಗೇ ನಡೆದುಕೊಂಡು ಬಂದಿವೆ, ಅದಕ್ಕೆ ಕಾರಣವೂ ಇದೆ. ಗ್ರಾಹಕರ ಫೋನ್‌ಗೆ ಉತ್ತರ ಕೊಡುವುದು, ಪಾಸ್‌ವರ್ಡ್ ರೀಸೆಟ್, "ನನ್ನ ರಿಪೋರ್ಟ್ ಬಂದಿಲ್ಲ" ಅನ್ನುವ ದೂರು, ಇವಕ್ಕೆಲ್ಲ ಡೆವಲಪರ್‌ನನ್ನು ಎಬ್ಬಿಸುವುದು ದಂಡ. ಒಳ್ಳೆಯ ಎಲ್1 ಟೀಮ್ ಇದ್ದರೆ ಗ್ರಾಹಕರೂ ಸಮಾಧಾನವಾಗಿರುತ್ತಾರೆ.

ಆದರೆ ದೂರದ ಅಳತೆಗೋಲು ಇಟ್ಟು ನೋಡಿ. ನಾನು ಕೆಲಸ ಮಾಡಿದ ಒಂದು ಕಡೆ ರನ್‌ಬುಕ್‌ನ ಒಂದು ಸಾಲು ಹೀಗಿತ್ತು: "ಮೆಮೊರಿ 90% ದಾಟಿದರೆ ಸರ್ವಿಸ್ ರೀಸ್ಟಾರ್ಟ್ ಮಾಡಿ." ರಾತ್ರಿ ಪಾಳಿಯವರು ತಿಂಗಳುಗಟ್ಟಲೆ ದಿನಾ ರಾತ್ರಿ ರೀಸ್ಟಾರ್ಟ್ ಮಾಡುತ್ತಿದ್ದರು. ಟಿಕೆಟ್ ತೆರೆದು, ರೀಸ್ಟಾರ್ಟ್ ಮಾಡಿ, 15 ನಿಮಿಷದೊಳಗೆ ಮುಚ್ಚುತ್ತಿದ್ದರು. ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ಸರಿ ಮಾಡುತ್ತೇವೆ ಅನ್ನುವ ಒಪ್ಪಂದ) ಹಸಿರು, ಮ್ಯಾನೇಜರ್ ಖುಷಿ. ಇತ್ತ ಕೋಡ್ ಬರೆದವರಿಗೆ ಮೆಮೊರಿ ಲೀಕ್ ಇದೆ ಅನ್ನುವುದೇ ಗೊತ್ತಿಲ್ಲ. ಹಬ್ಬದ ಸೇಲ್ ದಿನ ಟ್ರಾಫಿಕ್ ಜಾಸ್ತಿಯಾಗಿ ಹಗಲಲ್ಲೇ ಎರಡು ಮೂರು ಸಲ ಮೆಮೊರಿ ತುಂಬಿದಾಗ ಎಲ್ಲರಿಗೂ ಬಯಲಾಯಿತು. ಒಂದು ಕ್ಯಾಶ್‌ಗೆ (ಪದೇ ಪದೇ ಬೇಕಾಗುವ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮಿತಿ ಹಾಕಿರಲಿಲ್ಲ, ಅಷ್ಟೇ. ಸರಿ ಮಾಡಲು ಅರ್ಧ ದಿನವೂ ಬೇಕಾಗಲಿಲ್ಲ. ಸಪೋರ್ಟ್‌ನವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ, ಅವರಿಗೆ ಹೇಳಿದ್ದನ್ನು ಅವರು ಚೆನ್ನಾಗಿಯೇ ಮಾಡಿದರು. ಪಂಕ್ತಿಯ ಕಡೆ ತಲೆ ಹಾಕದ ಅಡುಗೆಯವರಿಗೆ ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಯಾರು ಹೇಳಬೇಕು?

ದುಡ್ಡಿನ ವಿಷಯಕ್ಕೆ ಬಂದರೆ, ಇದು ಅಗ್ಗ ಅಂತ ಅನಿಸುತ್ತದೆ. ಆದರೆ ಒಂದು ಕುರ್ಚಿಯನ್ನು 24 ಗಂಟೆ, ವಾರಪೂರ್ತಿ ತುಂಬಲು 21 ಪಾಳಿ ಬೇಕು. ಒಬ್ಬರಿಗೆ ವಾರಕ್ಕೆ 5 ಪಾಳಿ ಅಂದರೂ ರಜೆ ಎಲ್ಲ ಸೇರಿ ಕನಿಷ್ಠ 5 ಜನ. ಅವರ ಕ್ಯಾಬ್, ರಾತ್ರಿ ಭತ್ಯೆ ಬೇರೆ. ಸಣ್ಣ ಕಂಪನಿಗೆ ಇದು ಅಗ್ಗದ ದಾರಿ ಅಲ್ಲವೇ ಅಲ್ಲ.

ಎರಡು: ಬರೆದವರೇ ಓಡಿಸುವುದು

ಅಮೆಜಾನ್‌ನ ಸಿಟಿಓ ವರ್ನರ್ ವೋಗೆಲ್ಸ್ 2006ರ ಒಂದು ಸಂದರ್ಶನದಲ್ಲಿ, ಕಟ್ಟಿದವರೇ ಓಡಿಸಬೇಕು ಅನ್ನುವ ಅರ್ಥದ ಮಾತು ಹೇಳಿದರು. ಅದು ಆಮೇಲೆ ಘೋಷಣೆಯ ಹಾಗೆ ಎಲ್ಲ ಕಡೆ ಹಬ್ಬಿತು. ಅಲರ್ಟ್ ಬಂದಾಗ ಆನ್-ಕಾಲ್‌ನಲ್ಲಿ ಇರುವವರಿಗೆ ಫೋನ್ ಹೋಗುವ ಹಾಗೆ ಮಾಡುವ ಪೇಜರ್‌ಡ್ಯೂಟಿ ಅನ್ನುವ ಕಂಪನಿ ಶುರು ಮಾಡಿದ ಮೂವರೂ ಅದಕ್ಕೂ ಮುಂಚೆ ಅಮೆಜಾನ್‌ನಲ್ಲಿದ್ದವರು. ನಡುರಾತ್ರಿಯ ಕರೆಯಿಂದಲೇ ಒಂದು ವ್ಯಾಪಾರ ಹುಟ್ಟಿತು ಅನ್ನಬಹುದು.

ಇದರ ಲಾಭ ಎಲ್ಲಿ ಕಾಣುತ್ತದೆ ಅಂದರೆ, ಲಾಗ್ ಸಾಲಿನಲ್ಲಿ. ಎಂದೂ ಆನ್-ಕಾಲ್ ಮಾಡದವರು ಬರೆದ ಎರರ್ ಹೀಗಿರುತ್ತದೆ: "ಸಮ್‌ಥಿಂಗ್ ವೆಂಟ್ ರಾಂಗ್." ಅಷ್ಟೇ. ಯಾವ ಆರ್ಡರ್, ಯಾವ ಗ್ರಾಹಕ, ಏನು ರಾಂಗ್, ಒಂದೂ ಇಲ್ಲ. ಅದೇ ಮನುಷ್ಯ ಒಂದು ವಾರ ಫೋನ್ ಪಕ್ಕದಲ್ಲಿಟ್ಟುಕೊಂಡು ಮಲಗಿದ ಮೇಲೆ ಬರೆಯುವುದು ಹೀಗೆ: "ಪೇಮೆಂಟ್ ಕಾಲ್‌ಬ್ಯಾಕ್ ಟೈಮ್‌ಔಟ್, ಆರ್ಡರ್ 48213, ಗೇಟ್‌ವೇ 2, ಕಾದದ್ದು 30 ಸೆಕೆಂಡ್, ಯತ್ನ 3/3." ಯಾವ ಟ್ರೈನಿಂಗ್ ಕೊಟ್ಟರೂ ಈ ಬದಲಾವಣೆ ಇಷ್ಟು ಬೇಗ ಬರುವುದಿಲ್ಲ. ಟೈಮ್‌ಔಟ್ ಹಾಕುವುದು, ರೀಟ್ರೈಗೆ ಮಿತಿ ಇಡುವುದು, ಹೊಸ ಫೀಚರ್‌ಗೆ ಆಫ್ ಮಾಡುವ ಸ್ವಿಚ್ ಇಡುವುದು, ಶುಕ್ರವಾರ ಸಂಜೆ ಡಿಪ್ಲಾಯ್ ಮಾಡುವ ಮುಂಚೆ ಎರಡು ಸಲ ಯೋಚಿಸುವುದು, ಎಲ್ಲ ತಾನಾಗಿ ಬರುತ್ತದೆ. ಯಾಕೆಂದರೆ ನೋವು ಸರಿಯಾದ ವಿಳಾಸಕ್ಕೆ ತಲುಪಿರುತ್ತದೆ.

ತಲುಪದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ವಹಿವಾಟಿನ ಕಂಪನಿಯ ಕಥೆ ಇದೆ. 2012ರ ಆಗಸ್ಟ್ 1. ಷೇರು ವಹಿವಾಟಿನ ಹೊಸ ಕೋಡ್ ಅನ್ನು 8 ಸರ್ವರ್‌ಗಳಿಗೆ ಹಾಕಬೇಕಿತ್ತು, ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಮಾರ್ಕೆಟ್ ತೆರೆಯುವ ಮುಂಚೆಯೇ ಸಿಸ್ಟಮ್ 97 ಇಮೇಲ್ ಕಳಿಸಿತ್ತು. ಅವು ಅಲರ್ಟ್ ಅಂತ ಮಾಡಿದ ಮೇಲ್‌ಗಳಲ್ಲ, ಯಾರೂ ಅವುಗಳ ಮೇಲೆ ಕ್ರಮ ತೆಗೆದುಕೊಳ್ಳಲಿಲ್ಲ. ಸಮಸ್ಯೆ ಶುರುವಾದ ಮೇಲೆ, ಸರಿಯಾಗಿದ್ದ 7 ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು, ಹಳೆಯ ಕೋಡ್ ಎಲ್ಲ ಕಡೆ ಓಡಿ ಇನ್ನೂ ಕೆಟ್ಟಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು. 2017ರ ಜನವರಿ 31ರಂದು, ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನಲ್ಲಿ ತಪ್ಪಾಗಿ ಡೇಟಾಬೇಸ್ ಅಳಿಸಿಹೋದಾಗಲೂ ಇದೇ ಎಳೆ. ಬ್ಯಾಕಪ್ ಆಗುತ್ತಿಲ್ಲ ಅನ್ನುವ ಮೇಲ್‌ಗಳು ಮೇಲ್ ಸರ್ವರ್‌ನಲ್ಲೇ ತಿರಸ್ಕೃತವಾಗಿ, ಯಾರಿಗೂ ತಲುಪಿರಲಿಲ್ಲ. ಯಾರ ಇನ್‌ಬಾಕ್ಸ್‌ಗೂ ಸೇರದ ಎಚ್ಚರಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈಗ ಕಷ್ಟದ ಭಾಗ. ನಾಲ್ಕು ಜನರ ಟೀಮ್ ಅಂದರೆ ಪ್ರತಿ ನಾಲ್ಕನೇ ವಾರ ನಿಮ್ಮದು. ವರ್ಷಕ್ಕೆ 13 ವಾರ ಸಿನಿಮಾಗೂ ಲ್ಯಾಪ್‌ಟಾಪ್, ಮದುವೆಗೂ ಲ್ಯಾಪ್‌ಟಾಪ್. ಘಾಟಿ ರಸ್ತೆಯಲ್ಲಿ ನೆಟ್‌ವರ್ಕ್ ಹೋದರೆ ಎದೆ ಢವಢವ. ಊರಿಗೆ ಹೋಗುವುದೂ ಸರದಿ ನೋಡಿಕೊಂಡೇ. ಗೂಗಲ್ ತನ್ನ ಪದ್ಧತಿಯ ಬಗ್ಗೆ ಬರೆದಿರುವ ಪ್ರಕಾರ, ಒಂದೇ ಊರಿನಲ್ಲಿರುವ ಟೀಮ್ 24 ಗಂಟೆ ಆನ್-ಕಾಲ್ ನಡೆಸಲು ಕನಿಷ್ಠ 8 ಜನ ಬೇಕು, 12 ಗಂಟೆಯ ಒಂದು ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆ ಬರಬಾರದು. ನಮ್ಮಲ್ಲಿ ಎಷ್ಟು ಟೀಮ್‌ಗಳು ಈ ಅಳತೆಯ ಹತ್ತಿರ ಬರುತ್ತವೆ? ಅದಕ್ಕೇ, ಬರೆದವರೇ ಓಡಿಸಲಿ ಅಂತ ಮ್ಯಾನೇಜರ್ ಹೇಳಿದಾಗ ಅದು ಸಪೋರ್ಟ್ ಟೀಮಿನ ಖರ್ಚು ಉಳಿಸುವ ಉಪಾಯವೋ, ನಿಜವಾಗಿಯೂ ಸಿಸ್ಟಮ್ ಸುಧಾರಿಸುವ ಮನಸ್ಸೋ ಅಂತ ನೋಡಿಕೊಳ್ಳಬೇಕು. ಗುರುತಿಸುವುದು ಸುಲಭ. ಆನ್-ಕಾಲ್ ವಾರದಲ್ಲೂ ಸ್ಪ್ರಿಂಟ್‌ನಲ್ಲಿ (ಕೆಲವು ವಾರಗಳ ಕೆಲಸದ ಸುತ್ತಿನಲ್ಲಿ) ಪೂರ್ತಿ ಕೆಲಸ ಹಂಚುತ್ತಿದ್ದಾರಾ? ಹಾಗಾದರೆ ಖರ್ಚು ಉಳಿಸುವ ಉಪಾಯ.

ಇನ್ನೊಂದು ಮಾತು. ಮನೆಯಲ್ಲಿ ಹಸುಗೂಸು ಇರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು, ಒಂದೇ ಕೋಣೆಯ ಮನೆಯಲ್ಲಿ ಇನ್ನೂ ಮೂರು ಜನರ ಜೊತೆ ಮಲಗುವವರು, ಇವರಿಗೆ ರಾತ್ರಿ ಕರೆ ಅಂದರೆ ಇಡೀ ಮನೆಗೇ ಕರೆ. ಸರದಿ ಎಲ್ಲರಿಗೂ ಒಂದೇ ಥರ ಇದ್ದರೆ ನ್ಯಾಯ ಅಂದುಕೊಳ್ಳುತ್ತೇವೆ. ಹಗಲು ಪಾಳಿ ಜಾಸ್ತಿ ತೆಗೆದುಕೊಳ್ಳುವವರು, ರಾತ್ರಿ ಜಾಸ್ತಿ ತೆಗೆದುಕೊಂಡು ಭತ್ಯೆ ಪಡೆಯುವವರು ಅಂತ ಬದಲಾಯಿಸಿಕೊಳ್ಳಲು ಬಿಡಿ, ಜನ ತಾವೇ ಹೊಂದಿಸಿಕೊಳ್ಳುತ್ತಾರೆ.

ಮೂರು: ಎಸ್‌ಆರ್‌ಇ ಟೀಮ್

ಎಸ್‌ಆರ್‌ಇ ಅಂದರೆ ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್, ಗೂಗಲ್‌ನಲ್ಲಿ ಬೆನ್ ಟ್ರೇನರ್ ಸ್ಲಾಸ್ 2003ರಲ್ಲಿ ಶುರು ಮಾಡಿದ ಪದ್ಧತಿ. ಪ್ರೊಡಕ್ಷನ್ ನೋಡುವವರೂ ಸಾಫ್ಟ್‌ವೇರ್ ಎಂಜಿನಿಯರ್‌ಗಳೇ, ಅವರ ಸಮಯದ ಅರ್ಧಕ್ಕಿಂತ ಹೆಚ್ಚು ಕೈಕೆಲಸಕ್ಕೆ (ರೀಸ್ಟಾರ್ಟ್‌ನ ಹಾಗೆ ಮತ್ತೆ ಮತ್ತೆ ಕೈಯಾರೆ ಮಾಡುವ ಕೆಲಸಕ್ಕೆ) ಹೋಗಬಾರದು, ಉಳಿದದ್ದು ಆ ಕೈಕೆಲಸವೇ ಇಲ್ಲದ ಹಾಗೆ ಮಾಡಲು. ಜೊತೆಗೆ ಎರರ್ ಬಜೆಟ್. ತಿಂಗಳಿಗೆ ಇಷ್ಟು ನಿಮಿಷ ಬೀಳಬಹುದು ಅನ್ನುವ ಲೆಕ್ಕ ಮುಗಿದರೆ ಹೊಸ ರಿಲೀಸ್ ನಿಲ್ಲುತ್ತದೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು, ಸರ್ವಿಸ್ ಒಂದು ಮಿತಿ ಮೀರಿ ತೊಂದರೆ ಕೊಟ್ಟರೆ ಎಸ್‌ಆರ್‌ಇಗಳು ಪೇಜರ್ ಅನ್ನು ಮತ್ತೆ ಡೆವಲಪರ್‌ಗಳಿಗೇ ವಾಪಸ್ ಕೊಡಬಹುದು ಅನ್ನುವುದು. ಅಂದರೆ ಈ ವ್ಯವಸ್ಥೆಯಲ್ಲೂ ಡೆವಲಪರ್‌ಗಳು ಪೂರ್ತಿ ಕೈ ತೊಳೆದುಕೊಳ್ಳುವಂತಿಲ್ಲ.

ನಮ್ಮಲ್ಲಿ ಎಷ್ಟೋ ಕಡೆ ಹಳೆಯ ಆಪರೇಷನ್ಸ್ ಟೀಮಿಗೆ ಎಸ್‌ಆರ್‌ಇ ಅಂತ ಹೊಸ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ರಿಲೀಸ್ ನಿಲ್ಲಿಸುವ ಅಧಿಕಾರ ಇಲ್ಲದ ಎಸ್‌ಆರ್‌ಇ ಅಂದರೆ ಸಂಬಳ ಜಾಸ್ತಿ ಇರುವ ಎಲ್2, ಅಷ್ಟೇ. ಹತ್ತಾರು ಸರ್ವಿಸ್‌ಗಳು, ನೂರಾರು ಡೆವಲಪರ್‌ಗಳು ಇರುವಲ್ಲಿ ಇದು ಒಳ್ಳೆಯದು. ಇಪ್ಪತ್ತು ಜನರ ಕಂಪನಿಗೆ ಬೇಡ.

ನಾಲ್ಕು: ಸೂರ್ಯನ ಜೊತೆ ಪಾಳಿ

ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 10 ಅಂದರೆ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಮರುದಿನ ಬೆಳಿಗ್ಗೆ 10.30, ಚಳಿಗಾಲದಲ್ಲಿ 11.30. ಅವರು ಮಲಗುವಾಗ ನಾವು ಕಾಫಿ ಕುಡಿದು ಡೆಸ್ಕ್‌ಗೆ ಬಂದಿರುತ್ತೇವೆ. ಎರಡೂ ಊರಿನಲ್ಲಿ ಟೀಮ್ ಇದ್ದರೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿದ್ದೆಯ ಅಳತೆಗೋಲಿನಲ್ಲಿ ಇದಕ್ಕೆ ಪೂರ್ತಿ ಅಂಕ. ಔಟರ್ ರಿಂಗ್ ರೋಡ್‌ನ ಉದ್ದಕ್ಕೂ ಇರುವ ಗ್ಲೋಬಲ್ ಕೆಪಬಿಲಿಟಿ ಸೆಂಟರ್‌ಗಳಲ್ಲಿ (ವಿದೇಶಿ ಕಂಪನಿಗಳ ಇಲ್ಲಿನ ಸ್ವಂತ ಕಚೇರಿಗಳಲ್ಲಿ) ಈ ಮಾತು ಕೇಳದವರಿಲ್ಲ.

ಆದರೆ ಎಲ್ಲಿ ಕೆಡುತ್ತದೆ ಗೊತ್ತಾ? ಕೋಡ್‌ನ ಯಜಮಾನಿಕೆ ಅಲ್ಲೇ ಉಳಿದು, ಅಲರ್ಟ್ ಮಾತ್ರ ಇಲ್ಲಿಗೆ ಬಂದಾಗ. ಆಗ ಬೆಂಗಳೂರಿನ ಟೀಮ್ ಅವರ ರಾತ್ರಿ ಕಾವಲುಗಾರ. ಸರಿ ಮಾಡಲು ಗೊತ್ತಿದ್ದರೂ ಪುಲ್ ರಿಕ್ವೆಸ್ಟ್‌ಗೆ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗೆ) ಒಪ್ಪಿಗೆ ಕೊಡುವವರು ಅಲ್ಲಿ ಮಲಗಿದ್ದಾರೆ. ಕೊನೆಗೆ ಇಲ್ಲಿಯವರು ರಾತ್ರಿ 9.30ಕ್ಕೆ ಹ್ಯಾಂಡ್‌ಓವರ್ ಕಾಲ್‌ಗೆ ಕೂತು, ಹಗಲಿಡೀ ಏನು ಮಾಡಲಾಗಲಿಲ್ಲ ಅಂತ ವಿವರಿಸುತ್ತಾರೆ. ಇಂಥ ಕಡೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಮ್ಮ ಹಗಲಿನಲ್ಲಿ, ಅಲ್ಲಿಯವರನ್ನು ಕೇಳದೆ, ನಾವು ಪ್ರೊಡಕ್ಷನ್‌ಗೆ ಒಂದು ಫಿಕ್ಸ್ ಹಾಕಬಹುದಾ? ಉತ್ತರಕ್ಕೆ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಐದು: ಮಿಶ್ರ ವ್ಯವಸ್ಥೆ

ಎದುರಿಗೆ ಸಣ್ಣ ಎಲ್1, ಹಿಂದೆ ಡೆವಲಪರ್‌ಗಳ ಸರದಿ. ಗ್ರಾಹಕರ ಗಲಾಟೆ, ಗೊತ್ತಿರುವ ಸಮಸ್ಯೆಗಳು ಎಲ್1ನಲ್ಲೇ ನಿಲ್ಲುತ್ತವೆ. ಒಂದೇ ಸಮಸ್ಯೆ ಎರಡನೇ ಸಲ ಬಂದರೆ, ರಾತ್ರಿ ಸರಿಹೋಗಿದ್ದರೂ, ಬೆಳಿಗ್ಗೆ ಡೆವಲಪರ್ ಕೈಗೆ. ಈ ಒಂದು ನಿಯಮ ಇದ್ದಿದ್ದರೆ ಮೇಲೆ ಹೇಳಿದ ಮೆಮೊರಿ ಲೀಕ್ ಎರಡನೇ ದಿನವೇ ಸಿಕ್ಕಿರುತ್ತಿತ್ತು. ಎಲ್1ನಲ್ಲಿ ಇರುವವರಿಗೂ ಇದು ಒಳ್ಳೆಯದು, ಕೋಡ್ ಹತ್ತಿರ ಬರುತ್ತಾರೆ, ವರ್ಷ ಎರಡು ವರ್ಷದಲ್ಲಿ ಆ ಕಡೆ ದಾಟಬಹುದು.

ಬ್ಯಾಂಕ್, ವಿಮೆ, ಪೇಮೆಂಟ್ ಕಡೆಯವರು "ನಮ್ಮಲ್ಲಿ ಡೆವಲಪರ್ ಪ್ರೊಡಕ್ಷನ್ ಮುಟ್ಟುವ ಹಾಗೇ ಇಲ್ಲ, ಆಡಿಟ್ ಇದೆ" ಅನ್ನುತ್ತಾರೆ. ನಿಜ, ಕೋಡ್ ಬರೆಯುವವರು ಮತ್ತು ಪ್ರೊಡಕ್ಷನ್ ಬದಲಿಸುವವರು ಬೇರೆ ಇರಬೇಕು ಅನ್ನುವ ನಿಯಮಕ್ಕೆ ಅರ್ಥವಿದೆ. ಆದರೆ ಮುಟ್ಟದೆಯೂ ಪಾಲು ತೆಗೆದುಕೊಳ್ಳಬಹುದು. ಖಾಸಗಿ ಮಾಹಿತಿ ಮುಚ್ಚಿದ ಲಾಗ್ ಓದಲು ಅನುಮತಿ, ತುರ್ತಿನಲ್ಲಿ ದಾಖಲೆ ಸಮೇತ ಸಿಗುವ ತಾತ್ಕಾಲಿಕ ಆಕ್ಸೆಸ್, ಘಟನೆಯ ಕಾಲ್‌ನಲ್ಲಿ ಡೆವಲಪರ್ ಹೇಳುವುದು ಆಪರೇಷನ್ಸ್‌ನವರು ಟೈಪ್ ಮಾಡುವುದು. ಇದಿಷ್ಟಕ್ಕೆ ಆಡಿಟರ್‌ಗಳು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಬ್ಯಾಂಕಿನ ಸಿಸ್ಟಮ್ ಪದೇ ಪದೇ ಬೀಳುವುದು ಈಗ ಒಳಮನೆಯ ವಿಷಯವಾಗಿ ಉಳಿದಿಲ್ಲ. 2020ರ ಡಿಸೆಂಬರ್‌ನಲ್ಲಿ ಆರ್‌ಬಿಐ ಇದೇ ಕಾರಣಕ್ಕೆ ಎಚ್‌ಡಿಎಫ್‌ಸಿ ಬ್ಯಾಂಕ್‌ನ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್‌ಗಳನ್ನೂ ತಡೆದಿತ್ತು.

ಹಾಗಾದರೆ ನಿಮಗೆ ಯಾವುದು?

ಮೂರ್ನಾಲ್ಕು ಜನರ ಸ್ಟಾರ್ಟಪ್ಪಾ? ನಿಮಗೆ ಬೇರೆ ದಾರಿ ಇಲ್ಲ, ನೀವೇ ನೋಡಿಕೊಳ್ಳಬೇಕು. ಆದರೆ 24 ಗಂಟೆ ಅಂತ ಯಾರಿಗೂ ಮಾತು ಕೊಡಬೇಡಿ. ಬೆಳಿಗ್ಗೆ 8ರಿಂದ ರಾತ್ರಿ 10 ಅಂತ ಬರೆಯಿರಿ. ನಿಮ್ಮ ಗ್ರಾಹಕರು ದಾವಣಗೆರೆಯ ಬಟ್ಟೆ ಅಂಗಡಿಯವರಾದರೆ ರಾತ್ರಿ ಎರಡಕ್ಕೆ ಅವರೂ ಮಲಗಿರುತ್ತಾರೆ. ಡೇಟಾಬೇಸ್, ಕ್ಯೂ ಮುಂತಾದವನ್ನು ಕ್ಲೌಡ್‌ನವರೇ ನಡೆಸುವ ಸೇವೆಯಾಗಿ ತೆಗೆದುಕೊಳ್ಳಿ. ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಅದನ್ನು ನಿದ್ದೆಯ ಬೆಲೆ ಅಂದುಕೊಳ್ಳಿ.

ಎಂಟರಿಂದ ಹದಿನೈದು ಜನ, ಒಂದೇ ಪ್ರಾಡಕ್ಟ್? ಡೆವಲಪರ್ ಸರದಿ, ಕಣ್ಣು ಮುಚ್ಚಿ. ದುಡ್ಡಿದ್ದರೆ ಎದುರಿಗೆ ಹಗಲಿನ ಎಲ್1. ಅದಕ್ಕಿಂತ ದೊಡ್ಡವರು, ಹತ್ತಾರು ಟೀಮ್ ಇರುವವರು, ಪ್ರತಿ ಟೀಮಿಗೂ ಅದರದೇ ಸರದಿ ಕೊಟ್ಟು, ಟೂಲ್ ಮತ್ತು ಪದ್ಧತಿ ನೋಡಿಕೊಳ್ಳಲು ಒಂದು ಎಸ್‌ಆರ್‌ಇ ಗುಂಪು ಇಡಬಹುದು. ಸರ್ವಿಸಸ್ ಕಂಪನಿಯಲ್ಲಿ ಇದ್ದು ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲೇ ಎಲ್1-ಎಲ್2 ಅಂತ ಬರೆದಿದ್ದರೆ, ಒಪ್ಪಂದ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ವಾರಕ್ಕೊಮ್ಮೆ ಅರ್ಧ ಗಂಟೆ ಡೆವಲಪರ್‌ಗಳನ್ನು ಸಪೋರ್ಟ್‌ನವರ ಪಕ್ಕ ಕೂರಿಸಿ, ಹೆಚ್ಚು ಬಂದ ಐದು ಟಿಕೆಟ್ ಒಟ್ಟಿಗೆ ನೋಡುವುದಕ್ಕೆ ಯಾರ ಸಹಿಯೂ ಬೇಕಾಗಿಲ್ಲ.

ಇನ್ನು ಪೇಜರ್ ಕೈಗೆ ಬರುತ್ತಿರುವ ಡೆವಲಪರ್‌ಗಳಿಗೆ. ಒಪ್ಪಿಕೊಳ್ಳಿ, ಆದರೆ ಬರಹದಲ್ಲಿ ಕೇಳಿ. ಆನ್-ಕಾಲ್ ಭತ್ಯೆ ಎಷ್ಟು, ರಾತ್ರಿ ಎದ್ದರೆ ಮರುದಿನ ತಡವಾಗಿ ಬರಬಹುದಾ, ಶನಿವಾರ ಭಾನುವಾರ ಹೋದರೆ ಕಾಂಪ್-ಆಫ್ (ಬದಲಿ ರಜೆ) ಇದೆಯಾ. ನಾನು ಎತ್ತದಿದ್ದರೆ ಎಷ್ಟು ನಿಮಿಷಕ್ಕೆ ಎರಡನೆಯವರಿಗೆ ಹೋಗುತ್ತದೆ, ಆ ಎರಡನೆಯವರು ಯಾರು. ಯಾರನ್ನೂ ಕೇಳದೆ ರೋಲ್‌ಬ್ಯಾಕ್ ಮಾಡಬಹುದಾ. ಕೆಲಸಕ್ಕೆ ಬಾರದ ಅಲರ್ಟ್ ಅನ್ನು ನಾನೇ ತೆಗೆದುಹಾಕಬಹುದಾ. ಘಟನೆಯ ನಂತರದ ಮೀಟಿಂಗ್‌ನಲ್ಲಿ ಯಾರು ಮಾಡಿದ್ದು ಅಂತ ಕೇಳುತ್ತಾರಾ, ಹೇಗಾಯಿತು ಅಂತ ಕೇಳುತ್ತಾರಾ. ಸೇರಿದ ಮೊದಲ ತಿಂಗಳೇ ಒಬ್ಬರನ್ನೇ ಸರದಿಗೆ ಹಾಕಿದರೆ ಬೇಡ ಅನ್ನಿ. ಅನುಭವಿಯೊಬ್ಬರ ಜೊತೆ ನೆರಳಿನ ಹಾಗೆ ಒಂದೆರಡು ವಾರ ಇದ್ದು, ಆಮೇಲೆ ಹಗಲು ಪಾಳಿ, ಆಮೇಲೆ ರಾತ್ರಿ.

ಯಾವುದನ್ನೇ ಆರಿಸಿದರೂ ಮೂರು ತಿಂಗಳಿಗೆ ಅಂತ ಶುರು ಮಾಡಿ. ರಾತ್ರಿ 10ರಿಂದ ಬೆಳಿಗ್ಗೆ 7ರ ನಡುವೆ ಬಂದ ಅಲರ್ಟ್‌ಗಳನ್ನು ಮಾತ್ರ ಒಂದು ಶೀಟ್‌ನಲ್ಲಿ ಬರೆದಿಡಿ: ಯಾವ ಸರ್ವಿಸ್, ಏನು ಮಾಡಿದರು, ಕೋಡ್‌ನಲ್ಲಿ ಏನು ಬದಲಾಯಿತು. ಮೂರನೇ ತಿಂಗಳಿನ ಪಟ್ಟಿ ಮೊದಲನೆಯದಕ್ಕಿಂತ ಸಣ್ಣದಾಗಿದ್ದರೆ ಮುಂದುವರಿಸಿ. ಅಷ್ಟೇ ಉದ್ದ ಇದ್ದು, ಕೊನೆಯ ಕಾಲಂ ಖಾಲಿ ಇದ್ದರೆ, ಆ ಶೀಟ್ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ ಮುಂದಿನ ಒಂದು ಸ್ಪ್ರಿಂಟ್ ಪೂರ್ತಿ ಇದಕ್ಕೇ ಬೇಕು ಅಂತ ಕೇಳಿ. ಕೊಡುವುದಿಲ್ಲ ಅಂದರೆ ಪೇಜರ್ ವಾಪಸ್ ಕೊಡುವ ಹಕ್ಕು ನಿಮಗಿರಬೇಕು, ಆ ಷರತ್ತನ್ನೂ ಮೊದಲ ದಿನವೇ ಬರೆಸಿಕೊಂಡಿರಿ.